ಹಳೇ ಫ್ಯಾಮಿಲಿ ಫೋಟೋದಲ್ಲಿರೋ ಕಾರು ಯಾವ್ದು ಅಂತ ಕಂಡುಹಿಡಿಯೋದು ಹೇಗೆ

ನಮ್ಮಜ್ಜಿ ಟ್ರಂಕಿನಲ್ಲಿ ಒಂದು ಫೋಟೋ ಇತ್ತು. ಟಾಪು ಮಡಚಿರೋ ಒಂದು ಕಾರು, ಸ್ಟೀರಿಂಗ್ ಹಿಂದೆ ಯಾರೋ ಪೇಟ ಸುತ್ಕೊಂಡಿರೋ ಡ್ರೈವರ್ರು, ಹಿಂದಿನ ಸೀಟಲ್ಲಿ ಅಜ್ಜಿ, ಅಜ್ಜಿ ತೊಡೆ ಮೇಲೆ ಒಂದು ಮಗು, ಅಜ್ಜ ಒಂದು ಕಾಲು ಫುಟ್‌ಬೋರ್ಡ್ ಮೇಲಿಟ್ಕೊಂಡು ನಿಂತಿದ್ದಾರೆ. ಮನೇಲಿ ಎಲ್ರೂ ಹೇಳ್ತಿದ್ದಿದ್ದು ಒಂದೇ ಮಾತು, ಅದು 1918ನೇ ಇಸವಿದು, ಅಜ್ಜನ ಮದುವೆ ಆದ ವರ್ಷ, ಫೋರ್ಡ್ ಕಾರು, ನಮ್ಮದೇ ಸ್ವಂತದ್ದು. ಕೂತ್ಕೊಂಡು ಸರಿಯಾಗಿ ನೋಡಿದ್ಮೇಲೆ ಗೊತ್ತಾಗಿದ್ದು ಇಸವಿ ತಪ್ಪು, ಫೋರ್ಡ್ ಅನ್ನೋದೂ ತಪ್ಪು, ಸ್ವಂತದ್ದು ಅನ್ನೋದಕ್ಕೆ ಆಧಾರಾನೇ ಇಲ್ಲ. ಆದ್ರೆ ಅದರ ಬದಲಿಗೆ ಸಿಕ್ಕಿದ್ದು ಅದಕ್ಕಿಂತ ಬೆಲೆಯಾದದ್ದು, ಆ ಮಗು ಯಾರು ಅಂತ ಗೊತ್ತಾಯ್ತು. ಅದನ್ನ ಹೇಗೆ ಮಾಡಿದೆ ಅಂತ ಒಂದೊಂದಾಗಿ ಬರೀತೀನಿ, ನಿಮ್ಮನೇಲೂ ಇಂಥ ಫೋಟೋ ಇದ್ರೆ ಇದೇ ದಾರೀಲಿ ಹೋಗಿ.

ಮೊದಲು ಫೋಟೋನ ಸರಿಯಾಗಿ ಸ್ಕ್ಯಾನ್ ಮಾಡ್ಕೊಳ್ಳಿ

ವಾಟ್ಸಾಪಲ್ಲಿ ಬಂದ ಕಾಪಿ ಇಟ್ಕೊಂಡು ಯಾವ ಕಾರೂ ಗುರುತಿಸೋಕಾಗಲ್ಲ, ಅದು ಕಳಿಸುವಾಗ್ಲೇ ಕುಗ್ಗಿ ಡೀಟೇಲೆಲ್ಲ ಹೋಗಿರುತ್ತೆ. ಒರಿಜಿನಲ್ ಯಾರ ಮನೇಲಿದೆ ಅಂತ ಹುಡುಕಿ, ಅಲ್ಲಿಗೇ ಹೋಗಿ. ಫ್ಲ್ಯಾಟ್‌ಬೆಡ್ ಸ್ಕ್ಯಾನರಲ್ಲಿ 1200 ಡಿಪಿಐ ಇಟ್ಟು, ಜೆಪೆಗ್ ಅಲ್ಲ ಟಿಫ್ ಫೈಲಾಗಿ ಸೇವ್ ಮಾಡಿ. 4 ಇಂಚು 6 ಇಂಚಿನ ಫೋಟೋ ಆದ್ರೆ 4800 ಗುಣಿಸು 7200 ಪಿಕ್ಸೆಲ್ ಸಿಗುತ್ತೆ, ಚಕ್ರದ ಮಧ್ಯದ ಕ್ಯಾಪಿನ ಮೇಲಿರೋ ಗುರುತು ಕೂಡ ಎಷ್ಟೋ ಸಲ ಕಾಣುತ್ತೆ. ಕ್ರಾಪ್ ಮಾಡ್ಬೇಡಿ, ಅಂಚು ಸಮೇತ ಇರ್ಲಿ. ಹಿಂಭಾಗಾನೂ ಸ್ಕ್ಯಾನ್ ಮಾಡಿ, ಅಲ್ಲಿ ಸ್ಟುಡಿಯೋ ಸೀಲು, ಪೆನ್ಸಿಲಲ್ಲಿ ಬರೆದ ಹೆಸರು, ಪೇಪರ್ ಕಂಪನಿ ಗುರುತು ಏನಾದ್ರೂ ಇರಬಹುದು.

ಆಲ್ಬಮ್‌ಗೆ ಗೋಂದು ಹಾಕಿ ಅಂಟಿಸಿದ್ರೆ ದಯವಿಟ್ಟು ಕೀಳೋಕೆ ಹೋಗ್ಬೇಡಿ. ಹರಿದ್ರೆ ಮತ್ತೆ ಸಿಗೋ ವಸ್ತು ಅಲ್ಲ ಅದು. ಜಗಲಿ ಮೇಲೆ ನೆರಳಲ್ಲಿಟ್ಟು, ಫ್ಲ್ಯಾಶ್ ಆಫ್ ಮಾಡಿ, ಫೋನನ್ನ ಫೋಟೋಗೆ ಸಮನಾಗಿ ಹಿಡಿದು ತೆಗೀರಿ ಸಾಕು.

ಇನ್ನೊಂದು ಮಾತು ಒತ್ತಿ ಹೇಳ್ತೀನಿ. ಈಗ ಬಂದಿರೋ ಎಐ ಆ್ಯಪ್‌ಗಳಲ್ಲಿ ಹಾಕಿ ಫೋಟೋ ಕ್ಲಿಯರ್ ಮಾಡಿ, ಕಲರ್ ಮಾಡಿ ಆಮೇಲೆ ಕಾರು ಹುಡುಕ್ಬೇಡಿ. ನಾನು ಮೊದಲು ಮಾಡಿದ ತಪ್ಪೇ ಅದು. ಚಕ್ರದ ಕ್ಯಾಪಿನ ಮೇಲೆ ಮಸುಕಾಗಿದ್ದ ಗುರುತನ್ನ ಆ ಆ್ಯಪು ಅಕ್ಷರ ಮಾಡಿ ತೋರಿಸ್ತು, ಆ ಅಕ್ಷರ ಹಿಡ್ಕೊಂಡು ಎರಡು ವಾರ ಹುಡುಕಿದೆ, ಕೊನೆಗೆ ಒರಿಜಿನಲನ್ನ ವಾಚ್ ರಿಪೇರಿಯವರ ಲೆನ್ಸಲ್ಲಿ ನೋಡಿದ್ರೆ ಅಲ್ಲಿ ಅಕ್ಷರಾನೇ ಇರ್ಲಿಲ್ಲ. ಆ ಆ್ಯಪುಗಳು ಇಲ್ಲದ್ದನ್ನ ತುಂಬಿ ಕೊಡ್ತವೆ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಹೆಚ್ಚು ಕಮ್ಮಿ ಮಾಡಿ, ಅಷ್ಟೇ.

ಕಲರ್ ಬಗ್ಗೇನೂ ಇಲ್ಲೇ ಹೇಳ್ಬಿಡ್ತೀನಿ. ಆಗಿನ ಕಾಲದ ಬಹಳಷ್ಟು ಫಿಲ್ಮಿಗೆ ಕೆಂಪು ಬಣ್ಣ ಕಾಣ್ತಾನೇ ಇರ್ಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬರೋದು, ನೀಲಿ ಬಿಳಿಚಿಕೊಂಡು ಬರೋದು. ಅಜ್ಜಿಯರ ಹಣೆ ಕುಂಕುಮ ಹಳೇ ಫೋಟೋದಲ್ಲಿ ಮಸಿ ಬಟ್ಟಿನ ಥರ ಕಾಣೋದು ಅದಕ್ಕೇ. ಹಾಗಾಗಿ ಕಪ್ಪಗೆ ಕಾಣೋ ಕಾರು ನಿಜವಾಗ್ಲೂ ಕಪ್ಪೇ ಅಂತ ಅಂದ್ಕೋಬೇಡಿ, ಕಡು ಕೆಂಪೂ ಇರಬಹುದು.

ಫೋಟೋ ಉಲ್ಟಾ ಆಗಿಲ್ವಾ ನೋಡಿ

ಇದನ್ನ ಯಾರೂ ಮಾಡಲ್ಲ, ಆದ್ರೆ ಇದೇ ಮೊದಲು ಆಗ್ಬೇಕಾದ ಕೆಲಸ. ನೆಗೆಟಿವ್ ತಿರುಗಿಸಿಟ್ಟು ಪ್ರಿಂಟ್ ಹಾಕಿದ್ರೆ ಎಡ ಬಲ ಅದಲು ಬದಲಾಗುತ್ತೆ. ನನ್ನ ಕಸಿನ್ ಮನೇಲಿದ್ದ ಕಾಪೀಲಿ ಸ್ಟೀರಿಂಗ್ ಎಡಗಡೆ ಇತ್ತು, ಅದಕ್ಕೆ ಅವನು ಇದು ನೇರವಾಗಿ ಅಮೆರಿಕದಿಂದ ತರಿಸಿದ ಕಾರು ಅಂತ ವಾದ ಮಾಡ್ತಿದ್ದ. ಅಜ್ಜನ ಕೋಟಿನ ಗುಂಡಿ ನೋಡಿದ್ರೆ ಗೊತ್ತಾಗ್ಬಿಡ್ತು. ಗಂಡಸರ ಕೋಟು, ಶರ್ಟಲ್ಲಿ ಎಡಗಡೆ ಅಂಚು ಬಲಗಡೆ ಅಂಚಿನ ಮೇಲೆ ಬರುತ್ತೆ, ಆ ಕಾಪೀಲಿ ತಿರುಗಾ ಮುರುಗಾ ಇತ್ತು. ಮೈ ಮೇಲೆ ಬಟ್ಟೆ ಇಲ್ದೆ ಕೂತಿರೋ ಹಿರಿಯರಿದ್ರೆ ಜನಿವಾರ ನೋಡಿ, ಎಡ ಹೆಗಲ ಮೇಲಿಂದ ಬಲ ಸೊಂಟಕ್ಕೆ ಬಂದಿರ್ಬೇಕು. ಹೆಂಗಸರ ಸೆರಗು ಸಾಮಾನ್ಯವಾಗಿ ಎಡ ಹೆಗಲ ಮೇಲೆ, ಆದ್ರೆ ಕೊಡಗಿನ ಫೋಟೋ ಆದ್ರೆ ಹುಷಾರು, ಕೊಡವ ರೀತಿ ಸೀರೇಲಿ ಸೆರಗು ಬಲ ಹೆಗಲಿಗೇ ಬರುತ್ತೆ, ಅಲ್ಲಿ ಇದೇ ಲೆಕ್ಕ ಹಿಡಿದ್ರೆ ಸರಿಯಾಗಿರೋ ಫೋಟೋನ ನೀವೇ ಉಲ್ಟಾ ಮಾಡ್ಬಿಡ್ತೀರ. ನಂಬರ್ ಪ್ಲೇಟು ಓದೋಕೆ ಬಂದ್ರಂತೂ ಬೇರೆ ಸಾಕ್ಷಿ ಬೇಡ.

ನಮ್ಮಲ್ಲಿ ರಸ್ತೆ ಎಡಗಡೆ ಓಡಿಸೋದು, ಹಾಗಾಗಿ ಸ್ಟೀರಿಂಗ್ ಬಲಕ್ಕೆ ಇರೋದೇ ಸಹಜ. ಅಮೆರಿಕನ್ ಕಂಪನಿ ಕಾರಾದ್ರೂ ಇಲ್ಲಿಗೆ ಬಂದಿದ್ದು ಬಲಗೈ ಸ್ಟೀರಿಂಗಿಂದೇ ಜಾಸ್ತಿ. ಫೋರ್ಡ್ ಅಂತೂ ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಕೆನಡಾದ ಫ್ಯಾಕ್ಟರಿಯಿಂದ ಬಲಗೈ ಕಾರು ಕಳಿಸ್ತಿತ್ತು. ಆಮೇಲೆ 1926ರಲ್ಲಿ ಫೋರ್ಡ್ ಇಂಡಿಯಾ ಕಂಪನಿ ಬಾಂಬೇಲಿ ಶುರುವಾಯ್ತು, 1928ರಲ್ಲಿ ಜನರಲ್ ಮೋಟಾರ್ಸ್‌ನವರು ಬಾಂಬೆಯಲ್ಲೇ ಷೆವರ್ಲೆ ಜೋಡಿಸೋಕೆ ಶುರು ಮಾಡಿದ್ರು. ನಮ್ಮ ಕಡೆ ಊರುಗಳ ಫೋಟೋಗಳಲ್ಲಿ ಈ ಎರಡು ಹೆಸರು ಇಷ್ಟೊಂದು ಸಲ ಬರೋದಕ್ಕೆ ಇದೂ ಒಂದು ಕಾರಣ.

ಕಂಪನಿ ಹೆಸರು ಆಮೇಲೆ, ಮೊದಲು ಕಾಲ ಗೊತ್ತು ಮಾಡ್ಕೊಳ್ಳಿ

ಎಲ್ರೂ ಫೋಟೋ ನೋಡಿದ ತಕ್ಷಣ ಇದು ಫೋರ್ಡಾ ಆಸ್ಟಿನ್ನಾ ಅಂತ ಕೇಳ್ತಾರೆ. ಅದು ಉಲ್ಟಾ ದಾರಿ. ಕಾರು ಸುಮಾರು ಯಾವ ಹತ್ತು ವರ್ಷದ್ದು ಅಂತ ಮೊದಲು ಗೊತ್ತಾದ್ರೆ ಹುಡುಕೋ ಕಂಪನಿಗಳ ಪಟ್ಟಿ ಅರ್ಧಕ್ಕರ್ಧ ಕಮ್ಮಿ ಆಗುತ್ತೆ.

ದೀಪದಿಂದ ಶುರು ಮಾಡಿ. 1912ಕ್ಕಿಂತ ಮುಂಚಿನ ಕಾರುಗಳಲ್ಲಿ ಮುಂದಿನ ದೊಡ್ಡ ದೀಪ ಕಾರ್ಬೈಡ್ ಗ್ಯಾಸಿಂದು, ಹಿತ್ತಾಳೆದು, ಅದಕ್ಕೆ ಫುಟ್‌ಬೋರ್ಡ್ ಮೇಲಿರೋ ಡಬ್ಬಿಯಿಂದ ಪೈಪು ಬಂದಿರುತ್ತೆ, ಗಾಜಿನ ಪಕ್ಕದಲ್ಲಿ ಲಾಂದ್ರದ ಥರ ಎಣ್ಣೆ ದೀಪ ಇರುತ್ತೆ. 1912ರಲ್ಲಿ ಕ್ಯಾಡಿಲಾಕ್‌ನವರು ಎಲೆಕ್ಟ್ರಿಕ್ ಸ್ಟಾರ್ಟರ್ರು, ಎಲೆಕ್ಟ್ರಿಕ್ ಲೈಟು ತಂದ್ಮೇಲೆ ಒಬ್ಬೊಬ್ಬರೇ ಆ ಕಡೆ ತಿರುಗಿದ್ರು. 1920ರ ದಶಕದ ಬಹಳ ಕಾರುಗಳಲ್ಲಿ ದೀಪ ಡೋಲಿನ ಥರ ಮೋಟುಮೋಟಾಗಿರುತ್ತೆ, ದಶಕ ಮುಗಿಯೋ ಹೊತ್ತಿಗೆ ಹಿಂದೆ ಚೂಪಾಗಿ ಗುಂಡಿನ ಆಕಾರಕ್ಕೆ ಬಂತು. ದೀಪ ಮಡ್‌ಗಾರ್ಡ್ ಒಳಗೇ ಸೇರ್ಕೊಂಡಿದ್ರೆ 1930ರ ದಶಕದ ಕೊನೆ ಅಥವಾ ಅದರ ಆಚೆಗೆ.

ಮೂತಿ ನೋಡಿ. ರೇಡಿಯೇಟರ್ (ಇಂಜಿನ್ ತಣ್ಣಗಿಡೋ ನೀರಿನ ಜಾಲರಿ) ಸುತ್ತಿನ ಚೌಕಟ್ಟು ಹಿತ್ತಾಳೆ ಹೊಳಪು ಇದ್ರೆ ಸುಮಾರು 1916ರ ಒಳಗಿನದ್ದು, ಬಣ್ಣ ಬಳಿದಿದ್ರೆ ಅಥವಾ ನಿಕ್ಕಲ್ ಇದ್ರೆ 1920ರ ಆಸುಪಾಸು, ಕನ್ನಡಿ ಥರ ಕ್ರೋಮ್ ಇದ್ರೆ 1928–29ರಿಂದ ಈಚೆಗೆ. ರೇಡಿಯೇಟರ್ರೇ ಕಾಣದ ಹಾಗೆ ಮುಂದೆ ಜಾಲರಿ ಬಂದು ಅದು ಹಿಂದಕ್ಕೆ ವಾಲಿದ್ರೆ 1933ರ ನಂತರದ್ದು ಅಂತ ಇಟ್ಕೊಳ್ಳಿ. ಆದ್ರೆ ಬ್ಲ್ಯಾಕ್ ಅಂಡ್ ವೈಟ್ ಫೋಟೋದಲ್ಲಿ ಹಿತ್ತಾಳೆ, ನಿಕ್ಕಲ್ಲು, ಕ್ರೋಮು ಮೂರೂ ಒಂದೇ ಥರ ಹೊಳೀಬಹುದು, ಅದೊಂದನ್ನೇ ನಂಬ್ಕೊಂಡು ಕೂರ್ಬೇಡಿ.

ಚಕ್ರ ಸುಳ್ಳು ಹೇಳೋದು ಕಮ್ಮಿ. ಎತ್ತಿನ ಗಾಡಿ ಥರ ಮರದ ಕಡ್ಡಿ, ತೆಳ್ಳಗಿನ ಟೈರು ಇದ್ರೆ 1925ಕ್ಕಿಂತ ಮುಂಚೆ. ಅದೇ ಮರದ ಕಡ್ಡಿಗೆ ದಪ್ಪ ಬಲೂನ್ ಟೈರು ಬಂದಿದ್ರೆ 1925ರಿಂದ ಈಚೆಗೆ. ಮುಂದಿನ ಚಕ್ರದ ಕಡ್ಡಿಗಳ ಹಿಂದೆ ದುಂಡಗೆ ಬ್ರೇಕ್ ಡ್ರಮ್ ಕಾಣ್ತಿದೆಯಾ ಅಂತ ಕಣ್ಣಿಟ್ಟು ನೋಡಿ, ಯಾಕಂದ್ರೆ ಮೊದಲಿನ ಸಾಧಾರಣ ಕಾರುಗಳಿಗೆ ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ ಇತ್ತು. ಬ್ಯೂಕ್‌ಗೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಬಂದಿದ್ದು 1924ರ ಮಾಡೆಲಲ್ಲಿ, ಷೆವರ್ಲೆಗೆ 1928ರಲ್ಲಿ. ನಮ್ಮ ಫೋಟೋದ 1918ರ ಕಥೆ ಬಿದ್ದುಹೋಗಿದ್ದು ಇಲ್ಲೇ: ಮರದ ಕಡ್ಡಿ, ದಪ್ಪ ಟೈರು, ಮುಂದಿನ ಚಕ್ರದಲ್ಲಿ ಸ್ಪಷ್ಟವಾಗಿ ಡ್ರಮ್ಮು.

ಸ್ಟೆಪ್ನಿ ಎಲ್ಲಿದೆ ಅಂತಾನೂ ಬರ್ಕೊಳ್ಳಿ, ಪಕ್ಕದಲ್ಲಾ, ಹಿಂದೆಯಾ. ಸ್ಟೆಪ್ನಿ ಅನ್ನೋ ಪದಾನೇ ಆ ಕಾಲದ್ದು, ವೇಲ್ಸ್‌ನ ಲಾನೆಲ್ಲಿ ಅನ್ನೋ ಊರಿನ ಸ್ಟೆಪ್ನಿ ಸ್ಟ್ರೀಟಲ್ಲಿ ಶುರುವಾದ ಸ್ಪೇರ್ ಚಕ್ರದ ಕಂಪನಿ ಹೆಸರು ಅದು, ನಮ್ಮ ಪಂಚರ್ ಅಂಗಡಿಗಳಲ್ಲಿ ಇವತ್ತಿಗೂ ಉಳ್ಕೊಂಡಿದೆ.

ಕಾರಿನ ಹಿಂದೆ ದೊಡ್ಡ ಡ್ರಮ್ಮು, ಅದರಿಂದ ಪೈಪು ಬಂದಿದ್ರೆ ಅದು ಎರಡನೇ ಮಹಾಯುದ್ಧದ ಕಾಲದ್ದು. ಪೆಟ್ರೋಲ್ ರೇಷನ್ ಇದ್ದಾಗ ಇದ್ದಿಲು ಸುಟ್ಟು ಬರೋ ಗ್ಯಾಸಲ್ಲಿ ಗಾಡಿ ಓಡಿಸ್ತಿದ್ರು, ಹಿರಿಯರಿಗೆ ಇದ್ದಿಲು ಬಸ್ಸು ಅಂದ್ರೆ ಈಗ್ಲೂ ನೆನಪಾಗುತ್ತೆ. ಅಲ್ಲಿ ಕಾರಿನ ವಯಸ್ಸಿಗಿಂತ ಫೋಟೋದ ವಯಸ್ಸು ಗೊತ್ತಾಗುತ್ತೆ, ಅದೇ ನಮಗೆ ಬೇಕಾಗಿರೋದು ಕೂಡ.

ಈಗ ಕಂಪನಿ ಯಾವ್ದು ನೋಡೋಣ

ಮೊದಲನೇ ಪ್ರಶ್ನೆ, ಫೋರ್ಡ್ ಹೌದಾ ಅಲ್ವಾ. ನಮ್ಮ ಮನೆಗಳಲ್ಲಿ ಹಳೇ ಕಾರೆಲ್ಲ ಬಾಯಿಮಾತಲ್ಲಿ ಫೋರ್ಡೇ ಆಗಿಬಿಟ್ಟಿರುತ್ತೆ. ಫೋರ್ಡ್ ಗುರುತಿಸೋಕೆ ಕಂಪನಿ ಹೆಸರಿನ ಬೋರ್ಡ್ ಓದ್ಬೇಕಾಗಿಲ್ಲ, ಮುಂದಿನ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ನೋಡಿ. ಫೋರ್ಡ್ ಮಾಡೆಲ್ ಟಿಗೆ ರೇಡಿಯೇಟರ್ ಕೆಳಗೆ ಒಂದೇ ಕಮಾನ್ ಪಟ್ಟಿ, ಅದೂ ಅಡ್ಡಡ್ಡ, ಒಂದು ಚಕ್ರದಿಂದ ಇನ್ನೊಂದು ಚಕ್ರದ ತನಕ ಬಿಲ್ಲಿನ ಥರ. ಮಾಡೆಲ್ ಎ, ಆಮೇಲೆ ಬಂದ ವಿ8 ಕಾರಿಗೂ ಹಾಗೇ ಇತ್ತು. ಬೇರೆ ಕಂಪನಿಗಳ ಬಹುಪಾಲು ಕಾರಿಗೆ ಎರಡು ಪಟ್ಟಿ ಉದ್ದುದ್ದ ಇರುತ್ತೆ, ಚಾಸಿಯ (ಕಾರಿನ ಅಡಿ ಚೌಕಟ್ಟಿನ) ಎರಡು ಕೈ ರೇಡಿಯೇಟರಿಗಿಂತ ಮುಂದಕ್ಕೆ ಕೊಂಬಿನ ಥರ ಚಾಚ್ಕೊಂಡಿರುತ್ತೆ, ಪಕ್ಕದಿಂದ ತೆಗೆದ ಫೋಟೋದಲ್ಲೂ ಆ ಕೊಂಬು ಚೆನ್ನಾಗಿ ಕಾಣುತ್ತೆ. ನಮ್ಮಜ್ಜಿ ಫೋಟೋದಲ್ಲಿ ಕೊಂಬಿತ್ತು. ಫೋರ್ಡ್ ಕಥೆ ಅಲ್ಲಿಗೆ ಮುಗೀತು.

ಫೋರ್ಡೇ ಆಗಿದ್ರೆ ಮುಂದಿನ ಲೆಕ್ಕ ಸುಲಭ. ಮಾಡೆಲ್ ಟಿ ಬಂದಿದ್ದು 1908ರಿಂದ 1927ರ ತನಕ, ಒಟ್ಟು ಸುಮಾರು 1.5 ಕೋಟಿ ಕಾರು. ರೇಡಿಯೇಟರ್ ಹಿತ್ತಾಳೆದಾದ್ರೆ 1916ರವರೆಗಿನ ಮಾಡೆಲ್ಲು, 1917ರ ಮಾಡೆಲಿಂದ ಕಪ್ಪು ಚೌಕಟ್ಟು ಬಂತು, ಬಾನೆಟ್ಟೂ ದುಂಡಗಾಯ್ತು, ಮಡ್‌ಗಾರ್ಡೂ ಬಾಗಿದವು. 1914ರಿಂದ 1925ರ ತನಕ ಬಣ್ಣ ಕಪ್ಪು ಒಂದೇ. ತಂತಿ ಕಡ್ಡಿ ಚಕ್ರ ಇದ್ರೆ ಕೊನೇ ಎರಡು ವರ್ಷದ ಟಿ, ಇಲ್ಲಾ ಮಾಡೆಲ್ ಎ ಇರಬಹುದು. ಮಾಡೆಲ್ ಎ 1927ರ ಡಿಸೆಂಬರಲ್ಲಿ ಬಂತು, 1931ರ ತನಕ ನಡೀತು, ಅದರಲ್ಲಿ 1928–29ರದ್ದಕ್ಕೆ 21 ಇಂಚಿನ ರಿಮ್ಮು, 1930–31ರದ್ದಕ್ಕೆ 19 ಇಂಚಿಂದು, ಹಾಗಾಗಿ ಕೊನೇ ಎರಡು ವರ್ಷದ ಕಾರು ನೋಡೋಕೆ ನೆಲಕ್ಕೆ ಹತ್ರ ಕಾಣುತ್ತೆ.

ಫೋರ್ಡ್ ಅಲ್ಲ ಅಂದ್ರೆ ಮೂತಿ ಆಕಾರದಿಂದ ಕೆಲವನ್ನ ದೂರದಿಂದ್ಲೇ ಹೇಳಬಹುದು. ರೋಲ್ಸ್ ರಾಯ್ಸ್ ರೇಡಿಯೇಟರು ಗ್ರೀಕ್ ದೇವಸ್ಥಾನದ ಮುಂಭಾಗದ ಥರ, ಮೇಲೆ ಗೋಪುರದ ಏಣು, ಕೆಳಗೆ ಕಂಬ. 1926ರ ತನಕದ ಮಾರಿಸ್ ಕೌಲಿಗೆ ಮೂತಿ ದುಂಡಗೆ, ಗುಂಡಿನ ತುದಿ ಥರ, ಆಮೇಲೆ ಚಪ್ಪಟೆ ಮಾಡಿದ್ರು. 1920ರ ದಶಕದ ಕೊನೆವರೆಗಿನ ರೆನೋ ಕಾರಿಗೆ ಮುಂದೆ ರೇಡಿಯೇಟರ್ರೇ ಇರಲ್ಲ, ಬಾನೆಟ್ಟು ಮುಂದಕ್ಕೆ ಇಳಿಜಾರಾಗಿ ಮುಗಿದುಹೋಗುತ್ತೆ, ರೇಡಿಯೇಟರ್ ಇಂಜಿನ್ ಹಿಂದೆ ಇರುತ್ತೆ. ಡೈಮ್ಲರ್ ಆದ್ರೆ ರೇಡಿಯೇಟರ್ ತಲೆ ಮೇಲೆ ಗೀರು ಗೀರು, ವಾಕ್ಸ್‌ಹಾಲ್ ಆದ್ರೆ ಬಾನೆಟ್ಟಿನ ಎರಡು ಬದಿಗೂ ಉದ್ದಕ್ಕೆ ತೋಡಿನ ಥರ ಗೀರು. 1922ರಲ್ಲಿ ಬಂದ ಬೇಬಿ ಆಸ್ಟಿನ್ ಅಂತೂ ಎಷ್ಟು ಚಿಕ್ಕದು ಅಂದ್ರೆ ಪಕ್ಕದಲ್ಲಿ ನಿಂತ ಮನುಷ್ಯನೇ ಅಳತೆಗೋಲು.

ಬೋರ್ಡು ಹುಡುಕುವಾಗ ಎಲ್ರೂ ರೇಡಿಯೇಟರ್ ಮೇಲೆ ಮಾತ್ರ ನೋಡ್ತಾರೆ, ಅಲ್ಲಿ ಯಾರಾದ್ರೂ ಮಗೂನ ನಿಲ್ಲಿಸಿರ್ತಾರೆ ಇಲ್ಲಾ ಹೂವಿನ ಹಾರ ಹಾಕಿರ್ತಾರೆ. ಚಕ್ರದ ಮಧ್ಯದ ಕ್ಯಾಪು ನೋಡಿ, ಅಲ್ಲೂ ಕಂಪನಿ ಗುರುತು ಅಚ್ಚು ಹಾಕ್ತಿದ್ರು. ನಾಲ್ಕು ಚಕ್ರದಲ್ಲಿ ಎರಡಾದ್ರೂ ಕ್ಯಾಮೆರಾ ಕಡೆ ಇರುತ್ತಲ್ಲ. ನಮ್ಮ ಫೋಟೋದಲ್ಲಿ ಹಿಂದಿನ ಚಕ್ರದ ಕ್ಯಾಪಲ್ಲಿ ಮಸುಕಾಗಿ ಬೋ ಟೈ ಆಕಾರ ಇತ್ತು, ಎಐ ಆ್ಯಪು ಅಕ್ಷರ ಮಾಡಿದ್ದು ಇದನ್ನೇ. ಆ ಬೋ ಟೈ ಷೆವರ್ಲೆಯವರು 1914ರ ಮಾಡೆಲಿಂದ ಬಳಸ್ತಿರೋ ಗುರುತು.

ಅಳತೆ ಹಾಕಿ ನೋಡಿ

ಇಷ್ಟಕ್ಕೇ ನಿಲ್ಲಿಸ್ಬೇಡಿ, ಕಾರು ಪೂರ್ತಿ ಪಕ್ಕದಿಂದ ಕಾಣೋ ಫೋಟೋ ಆದ್ರೆ ಒಂದು ಲೆಕ್ಕ ಹಾಕಬಹುದು, ನಂಗೆ ಇದರಲ್ಲಿ ತುಂಬಾ ನಂಬಿಕೆ. ಕಂಪ್ಯೂಟರಲ್ಲಿ ಫೋಟೋ ತೆಗೆದು ಟೈರಿನ ಎತ್ತರ ಎಷ್ಟು ಪಿಕ್ಸೆಲ್ ಅಂತ ಅಳೀರಿ, ಆಮೇಲೆ ಮುಂದಿನ ಚಕ್ರದ ನಡುವಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು ಅಂತ ಅಳೀರಿ, ಎರಡನೇದನ್ನ ಮೊದಲನೇದ್ರಿಂದ ಭಾಗಿಸಿ. ಮಾಡೆಲ್ ಟಿ ಟೈರು 30 ಇಂಚು ಎತ್ತರ, ಚಕ್ರದಿಂದ ಚಕ್ರಕ್ಕೆ 100 ಇಂಚು, ಅಂದ್ರೆ 3.33 ಬರ್ಬೇಕು. ಬೇಬಿ ಆಸ್ಟಿನ್ ಮೊದಲಿನದ್ದು 26 ಇಂಚು ಟೈರು, 75 ಇಂಚು ಅಂತರ, ಸುಮಾರು 2.9. ಮಾಡೆಲ್ ಎ 103.5 ಇಂಚು, 1928–29ರದ್ದಕ್ಕೆ ಸುಮಾರು 3.45. 1928ರ ಷೆವರ್ಲೆ 107 ಇಂಚು, 3.57 ಹತ್ರ. ನಮ್ಮ ಫೋಟೋದಲ್ಲಿ ಟೈರು 618 ಪಿಕ್ಸೆಲ್, ಅಂತರ 2190, ಭಾಗಿಸಿದ್ರೆ 3.54.

ಇದರಲ್ಲೂ ಹುಷಾರಾಗಿರ್ಬೇಕು. ಕಾರು ಸ್ವಲ್ಪ ಓರೆಯಾಗಿ ನಿಂತಿದ್ರೂ ಅಂತರ ಕುಗ್ಗುತ್ತೆ, ಟೈರ್ ಸವೆದಿರುತ್ತೆ, ಗಾಳಿ ಕಮ್ಮಿ ಇರುತ್ತೆ, ಬೇರೆ ಸೈಜಿನ ಟೈರ್ ಹಾಕಿರಬಹುದು. 3.45ಕ್ಕೂ 3.57ಕ್ಕೂ ಇರೋ ವ್ಯತ್ಯಾಸ ಇಂಥ ತಪ್ಪಲ್ಲೇ ಮುಚ್ಚಿಹೋಗುತ್ತೆ. ಹಾಗಾಗಿ ಈ ಲೆಕ್ಕದಿಂದ ಹೌದು ಅಂತ ಹೇಳೋದಕ್ಕಿಂತ ಅಲ್ಲ ಅಂತ ಹೇಳೋದು ಸುಲಭ. ನಮ್ಮದು ಬೇಬಿ ಆಸ್ಟಿನ್ ಅಲ್ವೇ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು, ಮಾಡೆಲ್ ಎ ಅಲ್ಲ ಅಂತ ಹೇಳಿದ್ದು ಅಳತೆ ಅಲ್ಲ, ಆ ಕೊಂಬು ಮತ್ತು ಮರದ ಚಕ್ರ.

ಹೋಲಿಸೋಕೆ ಏನು ಬಳಸ್ಬೇಕು

ಗೂಗಲ್ ಲೆನ್ಸು ತೋರಿಸೋ ಕಾರುಗಳ ಜತೆ ಹೋಲಿಸಿ ನಿಲ್ಲಿಸ್ಬೇಡಿ, ಅಲ್ಲಿರೋ ಬಹಳ ಫೋಟೋಗಳ ಕೆಳಗಿನ ಹೆಸರು ಯಾರೋ ಅಂದಾಜಿಗೆ ಬರೆದಿದ್ದು. ಕಂಪನಿಯವರೇ ಛಾಪಿಸಿದ ಕ್ಯಾಟಲಾಗು, ರಿಪೇರಿ ಪುಸ್ತಕ, ಇಸವಿ ಇರೋ ಪತ್ರಿಕೆ ಜಾಹೀರಾತು, ಇವೇ ಗಟ್ಟಿ. ಇಂಥವು ಇಂಟರ್ನೆಟ್ ಆರ್ಕೈವಲ್ಲಿ ಸ್ಕ್ಯಾನ್ ಆಗಿ ಫ್ರೀಯಾಗಿ ಸಿಗ್ತವೆ. ಬಾನೆಟ್ ಪಕ್ಕದ ಗಾಳಿ ಸೀಳು ಎಷ್ಟಿವೆ, ಬಾಗಿಲು ಎಷ್ಟು, ಬಾಗಿಲ ಹಿಡಿ ಒಳಗಾ ಹೊರಗಾ, ಗಾಜು ಒಂದಾ ಎರಡು ಭಾಗಾನಾ, ಹೀಗೆ ಎಣಿಸೋಕೆ ಬರೋದನ್ನೆಲ್ಲ ಎಣಿಸಿ ಬರ್ಕೊಂಡು ಒಂದೊಂದಾಗಿ ತಾಳೆ ಹಾಕಿ. ಹತ್ತರಲ್ಲಿ ಒಂಬತ್ತು ಹೊಂದಿ ಒಂದು ಹೊಂದದಿದ್ರೆ ಆ ಒಂದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಉತ್ತರ ಅಲ್ಲೇ ಇರುತ್ತೆ ಎಷ್ಟೋ ಸಲ.

ಸಾಧ್ಯ ಆದ್ರೆ ನಿಜವಾದ ಕಾರಿನ ಮುಂದೆ ಹೋಗಿ ನಿಲ್ಲಿ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಲ್ಲಿ ಹಳೇ ಕಾರುಗಳ ದೊಡ್ಡ ಸಂಗ್ರಹ ಇದೆ, ಮೈಸೂರು ಹತ್ರ ಪಯಣ ಮ್ಯೂಸಿಯಂ ಇದೆ, ಕೊಯಮತ್ತೂರಲ್ಲಿ ಜಿಡಿ ಕಾರ್ ಮ್ಯೂಸಿಯಂ ಇದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ರೂ ಅರ್ಥ ಆಗದ ಅಡ್ಡ ಕಮಾನ್ ಪಟ್ಟಿ, ಒಂದು ಸಲ ಬಗ್ಗಿ ನೋಡಿದ್ರೆ ಜೀವಮಾನ ಪೂರ್ತಿ ಮರೆಯಲ್ಲ.

ನಂಬರ್ ಪ್ಲೇಟು ಮತ್ತು ಕಾರಿನ ಯಜಮಾನ

ಪ್ಲೇಟು ಓದೋಕೆ ಬಂದ್ರೆ ಅದನ್ನ ಆಗಿನ ಮ್ಯಾಪ್ ಇಟ್ಕೊಂಡು ಓದಿ, ಈಗಿನದ್ದಲ್ಲ. 1947ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಬಾಂಬೆ ಪ್ರಾಂತ್ಯದಲ್ಲಿ, ಮಂಗಳೂರು, ಬಳ್ಳಾರಿ ಮದ್ರಾಸಲ್ಲಿ, ಗುಲ್ಬರ್ಗ, ಬೀದರ್, ರಾಯಚೂರು ನಿಜಾಮರ ಹೈದರಾಬಾದಲ್ಲಿ, ಕೊಡಗು ಬೇರೆಯೇ. ಹಾಗಾಗಿ ಹುಬ್ಬಳ್ಳಿ ಮನೆತನದ ಫೋಟೋದಲ್ಲಿ ಬಾಂಬೆ ನಂಬರ್ ಇದ್ರೆ ಬಾಂಬೆಗೆ ಟೂರ್ ಹೋಗಿದ್ರು ಅಂತ ಅರ್ಥ ಅಲ್ಲ. ಎಂವೈ ಅಂತ ಶುರುವಾಗೋ ಮೂರಕ್ಷರದ ನಂಬರು ಹಳೇ ಮೈಸೂರು ರಾಜ್ಯದ್ದು, ಕೆಎ ಬಂದಿದ್ದು 1989ರಲ್ಲಿ.

ಕಾರು ಫೋಟೋದಲ್ಲಿದೆ ಅಂದ ಮಾತ್ರಕ್ಕೆ ಅದು ನಿಮ್ಮಜ್ಜಂದಾಗಲ್ಲ. ಮದುವೆಗೆ ಬಾಡಿಗೆಗೆ ತಂದಿದ್ದು, ಎಸ್ಟೇಟ್ ಧಣಿಗಳದ್ದು, ಡಾಕ್ಟ್ರದ್ದು, ಊರಿಗೆ ಬಂದ ಅಮಲ್ದಾರರದ್ದು, ಯಾವ್ದೂ ಆಗಿರಬಹುದು, ಕಾರಿನ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋದು ಆಗ ಒಂದು ಸಂಭ್ರಮ. ಡ್ರೈವರ್ ಯೂನಿಫಾರ್ಮಲ್ಲಿದ್ದಾನಾ, ಅದೇ ಕಾರು ಮನೇಲಿರೋ ಬೇರೆ ಫೋಟೋದಲ್ಲೂ ಇದೆಯಾ, ಹಿಂದೆ ಕಾರು ನಿಲ್ಸೋ ಕೊಟ್ಟಿಗೆ ಕಾಣುತ್ತಾ ನೋಡಿ. ನಮ್ಮ ಫೋಟೋದ ಡ್ರೈವರನ್ನ ಮನೇಲಿ ಯಾರೂ ಗುರುತು ಹಿಡೀಲಿಲ್ಲ, ಆ ಕಾರು ಬೇರೆ ಯಾವ ಫೋಟೋದಲ್ಲೂ ಇಲ್ಲ, ಹಾಗಾಗಿ ಸ್ವಂತದ್ದು ಅನ್ನೋ ಮಾತನ್ನ ಮನೆ ಇತಿಹಾಸದಲ್ಲಿ ಬರೆದಿಲ್ಲ.

ಕಾರಿಂದ ಫೋಟೋದ ಇಸವಿಗೆ ಬರೋದು

ಕಾರು ನಿಮಗೆ ಕೊಡೋದು ಒಂದೇ ಗಡಿ, ಫೋಟೋ ಇದಕ್ಕಿಂತ ಹಿಂದಿನದ್ದಲ್ಲ ಅನ್ನೋದು. ಆಚೆಗಿನ ಗಡಿ ಜನಗಳಿಂದ ಬರ್ಬೇಕು, ಯಾಕಂದ್ರೆ ನಮ್ಮೂರುಗಳಲ್ಲಿ ಒಂದು ಕಾರು ಹದಿನೈದು ಇಪ್ಪತ್ತು ವರ್ಷ ಕೈಯಿಂದ ಕೈಗೆ ಓಡಾಡ್ತಿತ್ತು. ಅಮೆರಿಕನ್ ಕಂಪನಿಗಳು ಮುಂದಿನ ವರ್ಷದ ಮಾಡೆಲನ್ನ ಹಿಂದಿನ ವರ್ಷದ ಕೊನೇಲೇ ಬಿಡ್ತಿದ್ದಿದ್ದೂ ನೆನಪಿರ್ಲಿ. ಫೋಟೋ ಪೋಸ್ಟ್‌ಕಾರ್ಡ್ ಪೇಪರಲ್ಲಿದ್ರೆ ಹಿಂದೆ ಸ್ಟಾಂಪ್ ಅಂಟಿಸೋ ಚೌಕ ನೋಡಿ, ಅಜೋ (AZO, ಫೋಟೋ ಪೇಪರಿನ ಹೆಸರು) ಅಂತ ಬರೆದು ನಾಲ್ಕು ಮೂಲೇಲೂ ಮೇಲ್ಮುಖದ ತ್ರಿಕೋನ ಇದ್ರೆ ಸುಮಾರು 1904ರಿಂದ 1918ರ ಪೇಪರು, ಎರಡು ಮೇಲ್ಮುಖ ಎರಡು ಕೆಳಮುಖ ಇದ್ರೆ ಸುಮಾರು 1918ರಿಂದ 1930. ಸ್ಟುಡಿಯೋ ಸೀಲಿದ್ರೆ ಆ ಅಂಗಡಿ ಆ ವಿಳಾಸದಲ್ಲಿ ಯಾವಾಗ ಇತ್ತು ಅಂತ ಹುಡುಕಿ.

ಮಗು ಇದ್ರೆ ಅದಕ್ಕಿಂತ ಒಳ್ಳೇ ಗಡಿಯಾರ ಇಲ್ಲ. ನಮ್ಮ ಕಾರು 1928–29ರ ಷೆವರ್ಲೆ ಅಂದ್ಮೇಲೆ ಅಜ್ಜಿ ತೊಡೆ ಮೇಲಿದ್ದ ಮಗು, ಮನೇಲಿ ಎಲ್ರೂ ಅಂದ್ಕೊಂಡ ಹಾಗೆ ಅಜ್ಜನ ತಮ್ಮ ಆಗೋಕೆ ಸಾಧ್ಯಾನೇ ಇಲ್ಲ, ಅಷ್ಟೊತ್ತಿಗೆ ಅವರು ದೊಡ್ಡ ಹುಡುಗ ಆಗಿದ್ರು. 1929ರಲ್ಲಿ ಹುಟ್ಟಿದ್ದು ನಮ್ಮ ದೊಡ್ಡಪ್ಪ. ಅಜ್ಜನ ಕೈಬರಹದಲ್ಲಿ 1933 ಅಂತ ಬರೆದಿರೋ ಇನ್ನೊಂದು ಫೋಟೋ ಪಕ್ಕದಲ್ಲಿಟ್ಟು ನೋಡಿದ್ವಿ, ಅದೇ ಕಿವಿ, ಕಿವೀಲಿ ಅದೇ ಹತ್ತಕಡಕು, ಇದರಲ್ಲಿ ಎರಡು ವರ್ಷದ ಮಗು, ಅದರಲ್ಲಿ ನಾಲ್ಕು ವರ್ಷದ ಹುಡುಗ. ದೊಡ್ಡಪ್ಪನ ಮಕ್ಕಳ ಹತ್ರ ಅವರ ಚಿಕ್ಕಂದಿನ ಫೋಟೋ ಅಂತ ಇದ್ದಿದ್ದು ಆ 1933ರದ್ದು ಒಂದೇ, ಈಗ ಎರಡಾಯ್ತು. ಅಕ್ಕಂಗೆ ಫೋನ್ ಮಾಡಿ ಹೇಳ್ದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಎಲ್ಲ ಮುಗಿದ್ಮೇಲೆ ಬರೆದಿಡಿ. ಫೋಟೋ ಹಿಂದೆ ಬಾಲ್ ಪೆನ್ನಲ್ಲಿ ಬೇಡ, ಮುಂದಕ್ಕೆ ಉಬ್ಬಿ ಬರುತ್ತೆ, ಇಂಕೂ ಇಳಿಯುತ್ತೆ. ಮೆತ್ತಗಿನ ಪೆನ್ಸಿಲಲ್ಲಿ, ಅಂಚಿನ ಹತ್ರ, ಒತ್ತದೆ ಬರೀರಿ. ಗೊತ್ತಿರೋದು ಬೇರೆ, ಅಂದಾಜು ಬೇರೆ ಅಂತ ಬರೀರಿ, ಹೇಗೆ ಗೊತ್ತಾಯ್ತು ಅನ್ನೋದನ್ನೂ ಒಂದು ಚೀಟೀಲಿ ಬರೆದು ಜತೆಗಿಡಿ, ನಾಳೆ ಮಕ್ಕಳು ನೋಡಿದಾಗ ನಮ್ಮ ಮಾತನ್ನೂ ಪರೀಕ್ಷೆ ಮಾಡೋಕಾಗ್ಬೇಕು. ನಮ್ಮ ಫೋಟೋ ಹಿಂದೆ ಈಗ ಹೀಗಿದೆ: ಷೆವರ್ಲೆ, 1928 ಅಥವಾ 29ರ ಮಾಡೆಲ್, ಫೋಟೋ ಸುಮಾರು 1931, ಅಜ್ಜಿ ತೊಡೆ ಮೇಲೆ ದೊಡ್ಡಪ್ಪ, ಕಾರು ಯಾರದ್ದು, ಡ್ರೈವರ್ ಯಾರು ತಿಳಿದಿಲ್ಲ.